ವಿದೇಶಿ ಮಾಲೀಕತ್ವದ ಮಿತಿ ಸಡಿಲಿಸಬೇಕಾ? ಉದ್ಯಮಬಾಗದಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: ಫಿಲಿಪ್ಪೀನ್ಸ್‌ನಂಥ ದೇಶದಲ್ಲಿ ಎಷ್ಟೋ ಉದ್ಯಮಗಳಲ್ಲಿ ವಿದೇಶಿಯರು ಶೇ 40ಕ್ಕಿಂತ ಜಾಸ್ತಿ ಪಾಲು ಇಟ್ಟುಕೊಳ್ಳುವ ಹಾಗಿಲ್ಲ. ಬೆಳೆಯುತ್ತಿರುವ ದೇಶ ಇಂಥ ಮಿತಿ ಸಡಿಲಿಸಿದರೆ ಒಳ್ಳೆಯದಾ, ಇಲ್ಲ ಮನೆಯ ಕೀಲಿ ಕೊಟ್ಟ ಹಾಗಾ? ಪುಸ್ತಕದ ಉತ್ತರ ಬೇಡ, ಉದ್ಯೋಗ ಮಾಡುವವರು ಹೇಳಿ ಅಂತಲೂ ಬರೆದಿದ್ದೀರಿ.

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್ ಇಟ್ಟುಕೊಂಡವನು. ಎರಡು ವಿಎಂಸಿ, ಮೂರು ಸಿಎನ್‌ಸಿ ಲೇಥ್ (ಎರಡೂ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರಗಳು), ಹದಿನಾಲ್ಕು ಜನ. ಫೌಂಡ್ರಿಯಿಂದ ಬಂದ ಎರಕದ ತುಂಡಿಗೆ, ಅಂದರೆ ಕಾಸ್ಟಿಂಗ್‌ಗೆ ಬೋರ್ ಅಂದರೆ ತೂತು ಕೊರೆದು, ಥ್ರೆಡ್ ಹೊಡೆದು ಕೊಡುತ್ತೇವೆ. ಜಾಸ್ತಿ ಹೈಡ್ರಾಲಿಕ್ ವಾಲ್ವಿನ ಬಾಡಿ. ಊರು ಗೋಕಾಕ ಕಡೆ, ಅಲ್ಲಿ ನಮ್ಮ ಕಾಕಾ ಕಬ್ಬು ಬೆಳೆಯುತ್ತಾರೆ. ಅರ್ಥಶಾಸ್ತ್ರ ಓದಿದವನಲ್ಲ.

ನನ್ನ ಉತ್ತರ: ಸಡಿಲಿಸಬೇಕು. ಜಮೀನು, ನೀರು ಎರಡನ್ನು ಬಿಟ್ಟು.

ವಿದೇಶಿ ಮಾಲೀಕ ಅಂದರೆ ನಮ್ಮೂರಿಗೆ ಹೊಸಬನೇನಲ್ಲ. ಇಲ್ಲಿ ಒಂದು ಅಲ್ಯೂಮಿನಿಯಂ ಕಾರ್ಖಾನೆ ಇದೆ. ಈಗ ಅದು ಹಿಂಡಾಲ್ಕೊ, ಆದರೆ ಹಳೆಯ ಆಟೋದವರಿಗೆ ಇವತ್ತಿಗೂ 'ಇಂಡಾಲ್' ಅಂದರೇ ಗೊತ್ತಾಗುವುದು. 1970ರ ಹೊತ್ತಿಗೆ ಅದು ಶುರುವಾದಾಗ ಇಂಡಾಲ್ ಕಂಪನಿಯ ದೊಡ್ಡ ಪಾಲು ಕೆನಡಾದ ಆಲ್ಕನ್ ಕೈಯಲ್ಲಿತ್ತು. 2000ರಲ್ಲಿ ಆಲ್ಕನ್ ತನ್ನ ಪಾಲನ್ನು ಬಿರ್ಲಾ ಅವರ ಹಿಂಡಾಲ್ಕೊಗೆ ಮಾರಿತು. ನಮ್ಮ ಸೋದರಮಾವ ಅಲ್ಲಿ ಫಿಟ್ಟರ್ ಆಗಿದ್ದರು. ಮಾಲೀಕರು ಬದಲಾದಾಗ ಏನನ್ನಿಸಿತು ಅಂತ ಒಮ್ಮೆ ಕೇಳಿದ್ದೆ. "ಗೇಟಿನ ಬೋರ್ಡ್ ಬದಲಾತು, ನನ್ನ ಕೈಯಾಗಿನ ಪಾನಾ ಬದಲಾಗಲಿಲ್ಲ" ಅಂದಿದ್ದರು. ಅಲ್ಲಿ ಕೆಲಸ ಕಲಿತು ಹೊರಬಂದು ಸ್ವಂತ ವರ್ಕ್‌ಶಾಪ್ ಹಾಕಿದ ಇಬ್ಬರು ನನಗೇ ಗೊತ್ತು. ಅವರಲ್ಲಿ ಒಬ್ಬರ ಕೈಕೆಳಗೇ ನಾನು ಲೇಥ್ ಹಿಡಿದದ್ದು. ಲಾಭ ಕೆನಡಾಕ್ಕೆ ಹೋಗಿರಬಹುದು, ಡ್ರಾಯಿಂಗ್ ಓದುವ ಕಣ್ಣು ಇಲ್ಲೇ ಉಳಿಯಿತು.

ಈ ಶೇ 40ರ ಲೆಕ್ಕ ನಮಗೂ ಹಳೆಯದು. 1973ರ ಫೆರಾ (ವಿದೇಶಿ ವಿನಿಮಯ ನಿಯಂತ್ರಣ) ಕಾಯ್ದೆ ಬಂದಾಗ ಬಹುತೇಕ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ 40ಕ್ಕೆ ಇಳಿಸಬೇಕಾಯಿತು. ಕೋಕಾ ಕೋಲಾ, ಐಬಿಎಂ ಒಲ್ಲೆವೆಂದು ಎದ್ದು ಹೋದವು. ಕೋಕಾ ಕೋಲಾ 1993ರಲ್ಲಿ ವಾಪಸ್ ಬಂತು, ಅದು ಇಲ್ಲದಾಗ ಬೆಳೆದಿದ್ದ ಥಮ್ಸ್ ಅಪ್ ಅನ್ನೇ ಕೊಂಡುಕೊಂಡಿತು. ತಂಪು ಪಾನೀಯದ ಮಾತು ಬಿಡಿ, ಅದಿಲ್ಲದಿದ್ದರೂ ನಡೆಯುತ್ತದೆ. ಮಿತಿಯಿಂದ ಇನ್ನೊಂದು ಹುಳುಕು ಹುಟ್ಟುತ್ತದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ: ಹೆಸರು ಬಾಡಿಗೆಗೆ ಕೊಡುವ ದಂಧೆ.

ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಇದೆ, 1936ರದ್ದು. ವಿದೇಶಿಯರಿಗಾಗಿ ತನ್ನ ಹೆಸರಲ್ಲಿ ಪಾಲು ಇಟ್ಟುಕೊಳ್ಳುವ ಸ್ಥಳೀಯನಿಗೆ ಅದರಲ್ಲಿ ಶಿಕ್ಷೆ. ಅಷ್ಟು ಹಿಂದೆಯೇ ಕಾಯ್ದೆ ಬೇಕಾಯಿತು ಅಂದರೆ ರೋಗ ಎಷ್ಟು ಹಳೆಯದು ನೋಡಿ. ನಮ್ಮಲ್ಲೇನು ಕಡಿಮೆಯಾ? ರೈತರಲ್ಲದವರು ಹೊಲ ಕೊಳ್ಳುವ ಹಾಗಿಲ್ಲ ಅನ್ನುವ, ಭೂಸುಧಾರಣಾ ಕಾಯ್ದೆಯ 79ಬಿ ಕಲಮು ಕರ್ನಾಟಕದಲ್ಲಿ 2020ರ ತನಕ ಇತ್ತು. ಅದಿದ್ದಷ್ಟು ದಿನ ಯಾರ ಹೊಲ ಯಾರ ಹೆಸರಲ್ಲಿದೆ ಅಂತ ತಿಳಿಯಲು ತಹಶೀಲ್ದಾರ್ ಕಚೇರಿಗೆ ಹೋಗುವುದೇ ಬೇಕಿರಲಿಲ್ಲ, ಊರಿನ ಚಹಾದಂಗಡಿಯಲ್ಲಿ ಕೂತರೆ ಸಾಕಿತ್ತು. ಶೇ 60 ಪಾಲು ದೇಶದವರದ್ದೇ ಇರಬೇಕು ಅಂದ ಕೂಡಲೇ ಅದು ನನಗೋ ನಿಮಗೋ ಬರುವುದಿಲ್ಲ. ಮೊದಲೇ ದುಡ್ಡಿದ್ದ, ಮಂತ್ರಿಯ ಬಾಗಿಲು ಗೊತ್ತಿದ್ದ ಹತ್ತು ಮನೆತನಗಳಿಗೆ ಹೋಗುತ್ತದೆ. ವಿದೇಶಿಯನಿಗೆ ಅವರು ಬೇಕೇ ಬೇಕು, ಹಾಗಾಗಿ ಅವರು ಸುಮ್ನೆ ಕೂತು ಉಣ್ಣಬಹುದು. ಫಿಲಿಪ್ಪೀನ್ಸ್ ಸರ್ಕಾರ 2022ರ ಮಾರ್ಚ್‌ನಲ್ಲಿ ಟೆಲಿಕಾಂ, ವಿಮಾನ, ರೈಲಿನಲ್ಲಿ ವಿದೇಶಿಯರು ಪೂರ್ತಿ ಮಾಲೀಕರಾಗಲು ದಾರಿ ಬಿಟ್ಟಿತು. ಕರೆಂಟ್ ಹಂಚಿಕೆ, ಕುಡಿಯುವ ನೀರಿನ ಪೈಪಿನಂಥವನ್ನು ಹಳೆಯ ಮಿತಿಯಲ್ಲೇ ಇಟ್ಟಿತು. ಗೆರೆ ಎಳೆದ ಜಾಗ ನನಗೆ ಸರಿ ಅನ್ನಿಸಿತು.

ಈಗ ನನ್ನ ಸ್ವಂತ ಕಥೆ. ಕೆಲವು ವರ್ಷ ನಮ್ಮ ದೊಡ್ಡ ಗಿರಾಕಿ ಒಂದು ಮನೆತನದ ಕಂಪನಿ. ಹೆಸರು ಬೇಡ. ಮಾಲೀಕರು ಒಳ್ಳೆಯವರೇ, ಹಬ್ಬಕ್ಕೆ ಮನೆಗೆ ಕರೆಯುತ್ತಿದ್ದರು. ಆದರೆ ಬಿಲ್ಲು? "ಸೋಮವಾರ ಬರ್ರಿ, ಚೆಕ್ ಮಾಡಿಸಿ ಇಟ್ಟಿರ್ತೀನಿ." ಆ ಸೋಮವಾರ ನಾಲ್ಕು ತಿಂಗಳಾದರೂ ಬರುತ್ತಿರಲಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಹಿಡಿದುಕೊಂಡು ಹೋದರೆ ಹಳೆಯ ಬಿಲ್ಲು ಬರಬಹುದು, ಹೊಸ ಆರ್ಡರ್ ಬರುವುದಿಲ್ಲ. ಹೀಗಾಗಿ ಕೈಕಟ್ಟಿಕೊಂಡು ಸೋಮವಾರ ಕಾಯುತ್ತಿದ್ದೆ. ಆ ಕಡೆ ಬ್ಯಾಂಕಿನ ಬಡ್ಡಿ ಮಾತ್ರ ಯಾವ ಸೋಮವಾರವನ್ನೂ ಕಾಯುತ್ತಿರಲಿಲ್ಲ.

ಆಮೇಲೆ ಯುರೋಪಿನ ಒಂದು ಕಂಪನಿ ಅದರ ಬಹುಪಾಲು ಷೇರು ಕೊಂಡಿತು. ಮೊದಲ ತಿಂಗಳೇ ನಮ್ಮ 240 ಬಾಡಿಗಳಲ್ಲಿ 60 ರಿಜೆಕ್ಟ್ ಆಗಿ ಟೆಂಪೋದಲ್ಲಿ ವಾಪಸ್ ಬಂದವು. ಬೋರ್ 25 ಎಂಎಂ, ಅಳತೆಯ ಮಿತಿ ಎಚ್7. ಅಂದರೆ ಮೇಲಕ್ಕೆ 21 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ತನಕ ನಡೆಯುತ್ತದೆ, ಕೆಳಕ್ಕೆ ಒಂದು ಮೈಕ್ರಾನ್ ಇಳಿದರೂ ಆಗುವುದಿಲ್ಲ. ನಮ್ಮ ಹುಡುಗ ಬೋರ್ ಗೇಜ್ ಹಾಕಿ ತೋರಿಸಿದ, ಎಲ್ಲ ಸರಿಯಾಗಿಯೇ ಬರೆದಿಟ್ಟಿದ್ದ. ನನಗೆ ಸಿಟ್ಟು ಬಂತು. ನಮ್ಮನ್ನು ತೆಗೆಯಲು ನೆಪ ಹುಡುಕುತ್ತಿದ್ದಾರೆ ಅಂದುಕೊಂಡೆ.

ಎರಡು ದಿನ ಬಿಟ್ಟು ಅವರ ಕ್ವಾಲಿಟಿಯ ಹುಡುಗ ಒಬ್ಬ ಬಂದ. ತಮಿಳುನಾಡಿನವನು, ಮಾತು ಕಡಿಮೆ. ಮಷಿನ್ ಪಕ್ಕ ಒಂದು ತಾಸು ನಿಂತ. ಕೊನೆಗೆ ಆಗತಾನೇ ಇಳಿಸಿದ ಒಂದು ಬಾಡಿಯನ್ನು ನನ್ನ ಅಂಗೈ ಮೇಲೆ ಇಟ್ಟ. ಬೆಚ್ಚಗಿತ್ತು. "ನೀವು ಬಿಸಿಯಲ್ಲಿ ಅಳೀತಿದೀರಿ ಸಾರ್" ಅಂದ. ಅಷ್ಟೇ. ಬಿಸಿಯಾದ ಬೀಡು ಕಬ್ಬಿಣ ಹಿಗ್ಗಿರುತ್ತದೆ, ಬೋರ್ ಐದಾರು ಮೈಕ್ರಾನ್ ದೊಡ್ಡದು ಕಾಣುತ್ತದೆ. ರಾತ್ರಿ ತಣ್ಣಗಾದರೆ ಅಂಚಿನಲ್ಲಿದ್ದದ್ದೆಲ್ಲ ಕೆಳಗೆ ಬೀಳುತ್ತದೆ. ಅಳತೆ 20 ಡಿಗ್ರಿಯಲ್ಲಿ ಅನ್ನುವುದು ಪುಸ್ತಕದಲ್ಲಿ ನನಗೂ ಗೊತ್ತಿತ್ತು. ಹಳೆಯ ಮಾಲೀಕರು ಯಾವತ್ತೂ ಕೇಳಿರಲಿಲ್ಲ, ನಾನೂ ಮಾಡಿರಲಿಲ್ಲ. ಈಗ ಬಾಡಿಗಳು ರಾತ್ರಿ ಪೂರ್ತಿ ರ‍್ಯಾಕಿನಲ್ಲಿ ಮಲಗಿ, ಬೆಳಿಗ್ಗೆ ಗೇಜ್ ನೋಡುತ್ತವೆ. ಇದೇ ಅಭ್ಯಾಸದ ಮೇಲೆ ಆಮೇಲೆ ಬೇರೆ ಎರಡು ಕಡೆಯ ಕೆಲಸ ಹಿಡಿದೆ. ಮತ್ತೆ ಪೇಮೆಂಟ್? 45ನೆಯ ದಿನ, ಫೋನ್ ಮಾಡದೆ, ನೇರ ಬ್ಯಾಂಕಿಗೆ.

ಇಷ್ಟೇ ಹೇಳಿ ನಿಲ್ಲಿಸಿದರೆ ಸುಳ್ಳಾಗುತ್ತದೆ. ವರ್ಷದೊಳಗೆ ಅವರ ಪರ್ಚೇಸ್ ಆಫೀಸ್ ಪುಣೆಗೆ ಹೋಯಿತು. ಪ್ರತಿ ವರ್ಷ ರೇಟು ಶೇ 3 ಇಳಿಸಿ ಅನ್ನುವ ಪತ್ರ ಶುರುವಾಯಿತು. ಕಾಸ್ಟಿಂಗ್ ರೇಟು ಏರಿದರೂ ಅದೇ ಪತ್ರ, ಮೂರು ಸಲ ಬೇರೆ ಬೇರೆ ಹೆಸರಿನ ಸಹಿ. ನಮ್ಮ ಗಲ್ಲಿಯ ಎರಡು ಶಾಪ್‌ಗಳು ಅವರ ಕಂಪ್ಯೂಟರ್ ಫಾರ್ಮು ತುಂಬಲಾರದೆ ಕೆಲಸ ಕಳೆದುಕೊಂಡವು. ಹಳೆಯ ಮಾಲೀಕರ ಬಾಗಿಲಿಗೆ ಹೋಗಿ ಜಗಳವಾಡಬಹುದಿತ್ತು. ಬೈಯುವುದಕ್ಕೂ ಎದುರಿಗೆ ಒಬ್ಬ ಮನುಷ್ಯ ಬೇಕಲ್ವಾ? ವಿದೇಶಿ ಮಾಲೀಕತ್ವದ ನಿಜವಾದ ಖರ್ಚು ನನಗೆ ಕಂಡದ್ದು ಇದೇ, ತೀರ್ಮಾನ ಮಾಡುವ ಕುರ್ಚಿ ದೂರ ಹೋಗುತ್ತದೆ.

ಹಾಗಾದರೂ ಯಾಕೆ ಸಡಿಲಿಸಿ ಅನ್ನುತ್ತೇನೆ? ಕಬ್ಬಿನ ಕಡೆ ನೋಡಿ. ಸಕ್ಕರೆ ಉದ್ಯಮದಲ್ಲಿ ವಿದೇಶಿ ಪಾಲಿಗೆ ಮಿತಿ ಇಲ್ಲ. ಸವದತ್ತಿ ತಾಲೂಕಿನ ಮುನವಳ್ಳಿಯಲ್ಲಿ ಬೇರೂರಿ ಬೆಳೆದ ರೇಣುಕಾ ಶುಗರ್ಸ್ 2010ರಲ್ಲಿ ಬ್ರೆಜಿಲ್‌ನಲ್ಲೇ ಕಾರ್ಖಾನೆಗಳನ್ನು ಕೊಂಡಿತ್ತು. ಬೆಳಗಾವಿ ಜಿಲ್ಲೆಯ ಕಂಪನಿ ಬ್ರೆಜಿಲ್‌ನವರಿಗೆ ವಿದೇಶಿ ಮಾಲೀಕ! ಆಮೇಲೆ ಸಾಲ ಜಾಸ್ತಿಯಾಗಿ, ಸಿಂಗಪುರದ ವಿಲ್ಮಾರ್ 2014ರಲ್ಲಿ ಇದರೊಳಗೆ ಪಾಲು ಕೊಂಡಿತು, 2018ರಲ್ಲಿ ಬಹುಪಾಲು ಅದರದ್ದೇ ಆಯಿತು. ಅದಕ್ಕೆ ಕಬ್ಬು ಕಳಿಸುವವರಿಗೆ ಇದರಿಂದ ಆಕಾಶ ಕಳಚಿ ಬೀಳಲಿಲ್ಲ. ಯಾಕೆಂದರೆ ಕಬ್ಬಿನ ಕನಿಷ್ಠ ದರ ಮಾಲೀಕ ನಿಗದಿ ಮಾಡುವುದಲ್ಲ, ಕೇಂದ್ರ ಸರ್ಕಾರ. 2025-26ರ ಹಂಗಾಮಿಗೆ ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ಶೇ 15 ಬಡ್ಡಿ. ಬಿಲ್ಲು, ಬಡ್ಡಿಯ ಈ ನಿಯಮ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ.

ಕಾಕಾನ ಬಿಲ್ಲು ಒಂದು ವರ್ಷ ಯುಗಾದಿ ಕಳೆದರೂ ಬಂದಿರಲಿಲ್ಲ. ಆ ಕಾರ್ಖಾನೆಯ ಮಾಲೀಕರು ಸಿಂಗಪುರದವರಲ್ಲ, ಪಕ್ಕಾ ನಮ್ಮ ಸೀಮೆಯವರು, ಸಭೆಯಲ್ಲಿ ರೈತನೇ ದೇವರು ಅನ್ನುವವರು. ಬೇರೆ ಕಾರ್ಖಾನೆಗೆ ಹೋಗೋಣ ಅಂದರೆ ಕಡಿದ ಕಬ್ಬು ಕಾಯುವುದಿಲ್ಲ, ದಿನ ಕಳೆದಂತೆ ತೂಕ ಕಳೆಯುತ್ತದೆ. ಒಂದು ಕಾರ್ಖಾನೆಯಿಂದ 15 ಕಿಲೋಮೀಟರ್ ಒಳಗೆ ಇನ್ನೊಂದು ಕಟ್ಟುವ ಹಾಗೂ ಇಲ್ಲ. ವಿದೇಶಿ ಮಾಲೀಕತ್ವದ ಬಗ್ಗೆ ನಿಮ್ಮ ಪ್ರಶ್ನೆಯನ್ನು ಮೊನ್ನೆ ಕಾಕಾಗೆ ಓದಿ ಹೇಳಿದೆ. "ಮಾಲಕ ಯಾವ ದೇಶದಾಂವರ ಇರಲಿ ತಮ್ಮಾ, ಕಾಟಾ ಸರಿ ಇರಬೇಕು, ಬಿಲ್ಲು ವ್ಯಾಳ್ಯಾಕ್ಕ ಬರಬೇಕು" ಅಂದರು (ಕಾಟಾ ಅಂದರೆ ತೂಕ). 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಟಾವು, ಸಾಗಣೆಯ ಖರ್ಚು ಬಿಟ್ಟು ಕೈಗೆ ಟನ್ನಿಗೆ 3,500 ಕೊಡಿ ಅಂತ ರಸ್ತೆಯಲ್ಲಿ ಕೂತರಲ್ಲ, ಕೊನೆಗೆ 3,300ಕ್ಕೆ ಇತ್ಯರ್ಥವಾಯಿತು. ಅಲ್ಲಿ ಜಗಳವಿದ್ದದ್ದು ದರದ ಮೇಲೆ. ಮಾಲೀಕರ ಪಾಸ್‌ಪೋರ್ಟ್ ಯಾವುದು ಅಂತ ಯಾರೂ ಕೇಳಲಿಲ್ಲ.

ಈ ಮಾತು ಎಲ್ಲಿ ಎತ್ತಿದರೂ ಒಬ್ಬರಾದರೂ ಕಿತ್ತೂರಿನ ನೆನಪು ಮಾಡುತ್ತಾರೆ: ಈಸ್ಟ್ ಇಂಡಿಯಾ ಕಂಪನಿಯೂ ವ್ಯಾಪಾರಕ್ಕೇ ಬಂದಿತ್ತಲ್ಲ? ಬಂದಿತ್ತು. ಆದರೆ 1824ರಲ್ಲಿ ಕಿತ್ತೂರಿನ ಬಾಗಿಲಿಗೆ ಬಂದ ಥ್ಯಾಕರೆ ಸಾಮಾನು ಮಾರಲು ಬಂದವನಲ್ಲ. ಅವನು ಕಲೆಕ್ಟರ್, ಜೊತೆಗೆ ಫಿರಂಗಿ ಇತ್ತು, ದತ್ತು ಮಗನಿಗೆ ಗಾದಿ ಇಲ್ಲ ಅನ್ನುವ ಅಧಿಕಾರವನ್ನೂ ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತ್ತು. ವ್ಯಾಪಾರಿಯೇ ಸರ್ಕಾರವೂ ಆದದ್ದು ಅಲ್ಲಿನ ಅನಾಹುತ. ಇವತ್ತು ನನ್ನ ಗಿರಾಕಿ ಕಂಪನಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ, ಕೋರ್ಟು ಕರೆದರೆ ಬರಬೇಕು. ಹಾಗಂತ ಸಣ್ಣ ದೇಶದಲ್ಲಿ ದೊಡ್ಡ ಕಂಪನಿ ಕೋರ್ಟನ್ನೂ ಮಂತ್ರಿಯನ್ನೂ ಜೇಬಿಗೆ ಹಾಕಿಕೊಳ್ಳುವುದಿಲ್ಲ ಅಂತ ನಾನು ಆಣೆ ಮಾಡುವುದಿಲ್ಲ.

ಅದಕ್ಕೇ ಒಂದೇ ಸಲ ಬಾಗಿಲು ತೆಗೆಯಬೇಡಿ ಅನ್ನುವುದು. ಮಾರುತಿ ನೋಡಿ. 1982ರಲ್ಲಿ ಸುಜುಕಿಗೆ ಸಿಕ್ಕಿದ್ದು ಶೇ 26. ಆಮೇಲೆ 40, 1992ರಲ್ಲಿ 50, 2002ರಲ್ಲಿ ಬಹುಪಾಲು. ಆ ಇಪ್ಪತ್ತು ವರ್ಷಗಳಲ್ಲಿ ಬಿಡಿಭಾಗ ಮಾಡುವ ಎಷ್ಟು ಕಂಪನಿಗಳು ಈ ದೇಶದಲ್ಲಿ ಎದ್ದು ನಿಂತವು! ಪಾಲು ಹೆಚ್ಚಾಗುವಷ್ಟರಲ್ಲಿ ಕಲಿಯುವವರು ಕಲಿತಿದ್ದರು. ವಿಮೆಯಲ್ಲೂ ಹಾಗೇ, 2021ರ ತನಕ 26, 49, 74 ಅಂತ ಮೆಟ್ಟಿಲು ಹತ್ತಿದೆವು.

ಜಮೀನು ಮಾತ್ರ ಬೇರೆ ಯಾಕೆ ಅಂದರೆ, ಅಲ್ಲಿ ತಪ್ಪು ಮಾಡಿದವರು ನಮ್ಮವರೇ ಆಗಿದ್ದ ಒಂದು ಉದಾಹರಣೆ ಇದೆ. ಬೆಂಗಳೂರಿನ ಒಂದು ಗುಲಾಬಿ ಹೂವಿನ ಕಂಪನಿ ಇಥಿಯೋಪಿಯಾದ ಗ್ಯಾಂಬೆಲಾ ಸೀಮೆಯಲ್ಲಿ 1 ಲಕ್ಷ ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಲಕ್ಷ ಎಕರೆ, ಗುತ್ತಿಗೆ ಹಿಡಿಯಿತು. ನದಿಯ ನೆರೆ ಬಂದು ಬೆಳೆ ಹೋಯಿತು, ಹೊಲದ ಬಹುಭಾಗ ಹಾಗೇ ಬಿದ್ದಿತ್ತು, 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಲೇಥ್ ಇನ್ನೊಂದು ಕೊಳ್ಳಬಹುದು. ದನ ಮೇಯುತ್ತಿದ್ದ ಅಷ್ಟು ನೆಲ ಐದಾರು ವರ್ಷ ಬೇರೆಯವರ ಲೆಕ್ಕದಲ್ಲಿ ಬಿದ್ದಿದ್ದರೆ ಆ ಊರವರು ಎಲ್ಲಿಗೆ ಹೋಗಬೇಕು?

ಕಾಕಾಗೆ ಇದನ್ನೂ ಹೇಳಿದೆ. ಅವರ ಹೊಲದಲ್ಲಿ ರಸ್ತೆಗೆ ಹತ್ತಿದ ಎರಡು ಎಕರೆ ಇದೆ, ಘಟಪ್ರಭೆಯ ಕಾಲುವೆ ನೀರು ಬರುತ್ತದೆ. ಹೋದ ತಿಂಗಳು ಅದಕ್ಕೆ ರೇಟು ಕೇಳಿಕೊಂಡು ಕಾರಿನಲ್ಲಿ ಇಬ್ಬರು ಬಂದಿದ್ದರಂತೆ. 79ಬಿ ಹೋದ ಮೇಲೆ ಯಾರು ಬೇಕಾದರೂ ಕೇಳಬಹುದಲ್ಲ. ಪರದೇಶದವರೇನು ಅಂದೆ. "ಇಲ್ಲೋ, ಬೆಂಗಳೂರಾವ್ರು. ನನಗ ಇಬ್ಬರೂ ಅಷ್ಟ ದೂರ" ಅಂದರು. ಕಾರಿನಲ್ಲಿ ಬಂದವರಿಗೆ ಕಾಕಾ ಇನ್ನೂ ಉತ್ತರ ಹೇಳಿಲ್ಲ.