ಬರೀ ರೊಮ್ಯಾನ್ಸ್ ನನ್ನ ಕೈಲಾಗಲ್ಲ
ಫ್ಯಾನ್‌ಫಿಕ್‌ನಲ್ಲಿ (ಇಷ್ಟವಾದ ಸಿನಿಮಾ, ಪುಸ್ತಕದ ಪಾತ್ರಗಳನ್ನ ಇಟ್ಕೊಂಡು ಅಭಿಮಾನಿಗಳು ಬರೆಯೋ ಕತೆ) ಯಾವ ಟೈಪ್ ಜಾಸ್ತಿ ಬರೀತೀರಾ, ರೊಮ್ಯಾನ್ಸೇನಾ ಅಂತ ಕೇಳಿದ್ರಲ್ಲ, ಅಯ್ಯೋ ಅದು ನಂಗೆ ಎರಡು ಪ್ಯಾರಾಗೇ ಬೋರ್ ಹೊಡ್ಯುತ್ತೆ. ನನ್ನ ಕೈ ಓಡೋದು ಹರ್ಟ್-ಕಂಫರ್ಟ್‌ನಲ್ಲಿ, ಅಂದ್ರೆ ಒಬ್ರಿಗೆ ಏಟು ಬಿದ್ದಿರುತ್ತೆ, ಇನ್ನೊಬ್ರು ಬೈತಾ ಬೈತಾನೇ ಬ್ಯಾಂಡೇಜ್ ಕಟ್ತಿರ್ತಾರೆ, ಬಿಗಿಯಾಯ್ತಾ ಅಂತ ಕೇಳೋ ಆ ಒಂದು ಮಾತಲ್ಲೇ ಪ್ರೀತಿ ಎಲ್ಲಾ ಬಂದ್ಬಿಡ್ಬೇಕು. ಆಮೇಲೆ ಫಿಕ್ಸ್-ಇಟ್, ಮೂಲ ಕತೇಲಿ ಸುಮ್‌ಸುಮ್ನೆ ಸಾಯಿಸಿದವ್ರನ್ನ ಬದುಕಿಸೋದು (ಸೇಡು ಅಂದ್ರೂ ತಪ್ಪಿಲ್ಲ). ಆಲ್ಟರ್ನೇಟ್ ಯೂನಿವರ್ಸ್ (ಅದೇ ಪಾತ್ರಗಳನ್ನ ಬೇರೆ ಲೋಕಕ್ಕೋ ಕಾಲಕ್ಕೋ ಹಾಕಿ ಬರೆಯೋದು) ಓದ್ತೀನಿ, ಬರೆಯಲ್ಲ. ನೀವು ಹೊಸಬ್ರಾದ್ರೆ ಡ್ರ್ಯಾಬಲ್ ಟ್ರೈ ಮಾಡಿ, ಸರಿಯಾಗಿ 100 ಪದ, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ, ನಾನಂತೂ 140 ಬರೆದು ಆಮೇಲೆ ವಿಶೇಷಣ ಎಲ್ಲಾ ಕಿತ್ತಾಕ್ತೀನಿ. ಸ್ಲೋ ಬರ್ನ್ (ಪ್ರೀತಿ ತುಂಬಾ ನಿಧಾನಕ್ಕೆ ಬೆಳೆಯೋ ಕತೆ) ಮಾತ್ರ ಈಗ್ಲೇ ಬೇಡ, ನಂದೇ ಒಂದು ಹನ್ನೊಂದನೇ ಅಧ್ಯಾಯಕ್ಕೆ ನಿಂತೋಗಿದೆ, ಇಬ್ರೂ ಇನ್ನೂ ಕೈ ಕೂಡ ಹಿಡಿದಿಲ್ಲ.