ಮರಕ್ಕೆ ಹುಳು ಬಿದ್ದಿದೆ, ಯಾವ ಔಷಧಿ ಹೊಡೆಯಲಿ?

ನಿಮ್ಮ ಪ್ರಶ್ನೆಯಲ್ಲಿ ಮೂರು ಮರಗಳಿವೆ. ಗದ್ದೆ ಬದುವಿನ ತೇಗದ ಎಲೆಗಳು ಈ ಅಕ್ಟೋಬರಿನಲ್ಲಿ ಬಲೆಯಂತಾಗಿವೆ. ಅಂಗಳದ ಹೊಂಗೆಯ ಎಲೆ ತುಂಬ ಗುಳ್ಳೆ ಎದ್ದಿದೆ. ಗುಲ್ಮೊಹರ್ ಕಾಂಡದ ಮೇಲೆ ಕಂದು ಬಣ್ಣದ ಪಟ್ಟಿ ಅಂಟಿಕೊಂಡಿದೆ. ಮೂರಕ್ಕೂ ಸೇರಿ ಒಂದು ಔಷಧಿ ಹೇಳಿ ಅಂತ ಕೇಳಿದ್ದೀರಿ. ಅಂಥದ್ದು ಇಲ್ಲ. ಮೂರೂ ಬೇರೆ ಬೇರೆ ಜೀವಿಗಳ ಕೆಲಸ. ತೇಗಕ್ಕೂ ಹೊಂಗೆಗೂ ನೀವು ಏನೂ ಮಾಡಬೇಕಾಗಿಲ್ಲ. ಗುಲ್ಮೊಹರ್‌ಗೆ ಒಂದು ಸೈಕಲ್ ಕಡ್ಡಿ ಮತ್ತು ಅರ್ಧ ಗಂಟೆ ಬೇಕು.

ನಾನು ವಿಜ್ಞಾನಿಯಲ್ಲ. ಸಾಗರದ ಕಡೆ ಅಡಿಕೆ ತೋಟ, ಸ್ವಲ್ಪ ಗದ್ದೆ, ಬದುವಿನ ಮೇಲೆ ಅರವತ್ತು ಚಿಲ್ಲರೆ ತೇಗದ ಮರ ಇವೆ. ಹುಳುಗಳ ವಿಷಯ ನಾನು ಕಲಿತದ್ದು ಆ ಮರಗಳಿಂದ, ಅದೂ ಒಂದಷ್ಟು ಕಳಕೊಂಡ ಮೇಲೆ. ಅದಕ್ಕೇ ತೇಗದಿಂದ ಶುರು ಮಾಡುತ್ತೇನೆ.

ತೇಗದ ಎಲೆ ತಿನ್ನುವ ಹುಳುಗಳಲ್ಲಿ ಮುಖ್ಯವಾದವು ಎರಡು. ಒಂದು ಹಿಬ್ಲಿಯಾ ಪ್ಯೂರಾ ಅನ್ನುವ ಪತಂಗದ ಮರಿಹುಳು. ಮುಂಗಾರಿಗೆ ಮೊದಲಿನ ಮಳೆ ಬಿದ್ದು ಮರ ಎಳೆ ಚಿಗುರು ಬಿಟ್ಟಾಗ ಇದು ಬರುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಇದರ ಕಾಲ. ಎಲೆಯ ಅಂಚನ್ನು ಕತ್ತರಿಸಿ, ಆ ತುಂಡನ್ನು ಮಡಚಿ, ನೂಲಿನಿಂದ ಬಿಗಿದುಕೊಂಡು ಒಳಗೆ ಕೂರುತ್ತದೆ. ತಿಂದರೆ ದಪ್ಪ ನರಗಳಷ್ಟೇ ಉಳಿಯುತ್ತವೆ. ಹಾವಳಿ ಜೋರಾದ ವರ್ಷ ಮರದ ಕೆಳಗೆ ನಿಂತು ನೋಡಿ, ತರಗೆಲೆಯ ಮೇಲೆ ಹಿಕ್ಕೆ ಉದುರುವ ಸದ್ದು ಸೋನೆಮಳೆ ಹಿಡಿದ ಹಾಗೆ ಕೇಳುತ್ತದೆ. ಬಲಿತ ಹುಳು ನೂಲು ಹಿಡಿದು ಇಳಿದು ಬಂದು ತರಗಿನಡಿ ಕೋಶವಾಗುತ್ತದೆ.

ಇನ್ನೊಂದು ಯುಟೆಕ್ಟೋನಾ ಮಕೇರಾಲಿಸ್. ಇದು ಬರುವುದು ಮಳೆಗಾಲ ಹಿಂದೆ ಸರಿದು ಎಲೆ ಒರಟಾದ ಮೇಲೆ. ನರಗಳ ನಡುವಿನ ಹಸಿರನ್ನು ಮಾತ್ರ ಕೆರೆದು ತಿನ್ನುತ್ತದೆ, ಸಣ್ಣ ನರಗಳನ್ನೂ ಮುಟ್ಟುವುದಿಲ್ಲ. ಎಲೆಯನ್ನು ಬೆಳಕಿಗೆ ಹಿಡಿದರೆ ಸೊಳ್ಳೆಪರದೆಯಂತೆ ಕಾಣುತ್ತದೆ. ನಿಮ್ಮ ಮರದಲ್ಲಿರುವುದು ಇದೇ. ನೀವು ಹೇಳಿದ ತಿಂಗಳು, ನೀವು ಹೇಳಿದ ಬಲೆ, ಎರಡೂ ಹೊಂದುತ್ತವೆ. ಬೇಸಗೆಗೆ ಹೇಗಿದ್ದರೂ ಉದುರುವ ಎಲೆ ಅದು. ಮರ ಈ ವರ್ಷದ ಬೆಳವಣಿಗೆಯ ಹೆಚ್ಚಿನ ಪಾಲನ್ನು ಮುಗಿಸಿರುತ್ತದೆ. ಬಿಟ್ಟುಬಿಡಿ.

ಮೊದಲನೆಯ ಹುಳು ಅಷ್ಟು ಸಾಧು ಅಲ್ಲ. ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನ ಎಳೆಯ ತೇಗದ ತೋಪಿನಲ್ಲಿ ಅಳೆದು ನೋಡಿದ್ದಾರೆ. ಹುಳು ತಿಂದ ಮರಗಳು ಬೆಳೆಯಬಹುದಾಗಿದ್ದ ಪ್ರಮಾಣದಲ್ಲಿ ಶೇ 44ರಷ್ಟು ಕಳೆದುಕೊಂಡಿದ್ದವು. ಬಲೆ ಮಾಡುವ ಹುಳುವಿನಿಂದ ಲೆಕ್ಕಕ್ಕೆ ಸಿಗುವಂಥ ನಷ್ಟ ಕಾಣಲಿಲ್ಲ. ನೋಡುವವರ ಕಣ್ಣಿಗೆ ಮಾತ್ರ ಎರಡೂ ಒಂದೇ, ಎಲೆ ಹೋಯಿತು ಅಷ್ಟೇ. ಆದರೆ ಒಂದು ಗಮನಿಸಿ. ಜೂನ್‌ನಲ್ಲಿ ಪೂರ್ತಿ ಬೋಳಾದ ಮರವೂ ಸಾಯುವುದಿಲ್ಲ. ಮತ್ತೆ ಚಿಗುರುತ್ತದೆ.

ಇದು ಗೊತ್ತಿಲ್ಲದೆ ನಾನು ಮಾಡಿಕೊಂಡದ್ದು ಹೇಳುತ್ತೇನೆ. ಹದಿನಾಲ್ಕು ವರ್ಷದ ಹಿಂದೆ ಒಂದು ಜೂನ್‌ನಲ್ಲಿ ನಮ್ಮ ತೇಗವೆಲ್ಲ ಬೋಳಾಯಿತು. ನನಗೆ ನಿದ್ದೆ ಬರಲಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಎಲೆ ಸಹ ನೋಡದೆ ಔಷಧಿ ಕೊಟ್ಟರು. ತಂದು ಹೊಡೆಸಿದೆ. ಪಂಪಿನ ನೀರು ತುದಿ ಮುಟ್ಟಲೇ ಇಲ್ಲ. ಅಷ್ಟರಲ್ಲಿ ಹುಳುಗಳೂ ಮಣ್ಣಿಗಿಳಿದಿದ್ದವು. ಮೂರು ವಾರಕ್ಕೆ ಮರಗಳು ತಾವಾಗಿಯೇ ಹಸಿರಾದವು. ದುಡ್ಡು ಹೋಗಿದ್ದು ಒಂದು ಕಡೆ. ಗದ್ದೆ ಪಕ್ಕದಲ್ಲಿ ಇಟ್ಟಿದ್ದ ತುಡುವೆ ಜೇನಿನ ಎರಡು ಪೆಟ್ಟಿಗೆಗಳೂ ಆ ವಾರವೇ ಖಾಲಿಯಾದವು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದೇ ವರ್ಷ, ಅದೇ ಬದುವಿನಲ್ಲಿ ನಾಲ್ಕು ಮರಗಳ ಕಾಂಡದಲ್ಲಿ ತೂತುಗಳಿದ್ದವು. ಬುಡದಲ್ಲಿ ಮರದ ಪುಡಿ ಬಿದ್ದಿತ್ತು. ನಾನು ತಲೆ ಎತ್ತಿ ಎಲೆ ನೋಡುತ್ತಿದ್ದೆ, ಬುಡ ನೋಡಲಿಲ್ಲ. ಗಾಳಿಗೆ ಒಂದು ಮರ ಬಿದ್ದಾಗ ಕೊಯ್ದು ನೋಡಿದರೆ ಒಳಗೆಲ್ಲ ಸುರಂಗ. ಒಂದು ನೆಟ್ಟಗಿನ ಹಲಗೆ ಸಿಗಲಿಲ್ಲ. ಅದು ಕಾಸಸ್ ಗುಂಪಿನ ಪತಂಗದ ಮರಿ. ಗಾಯವಾದ ತೇಗವನ್ನೇ ಹುಡುಕಿಕೊಂಡು ಬರುತ್ತದೆ. ಗಾಯ ಮಾಡಿದವರು ನಾವೇ. ಗದ್ದೆಗೆ ನೆರಳಾಗುತ್ತದೆ ಅಂತ ವರ್ಷವರ್ಷ ಕೊಂಬೆ ಕಡಿಯುತ್ತಿದ್ದೆವು, ಕತ್ತಿಯ ಏಟು ಕಾಂಡಕ್ಕೂ ಬೀಳುತ್ತಿತ್ತು. ಈಗ ಕೊಂಬೆ ತೆಗೆಯಬೇಕಾದರೆ ಒಣ ಕಾಲದಲ್ಲಿ ಗರಗಸದಿಂದ, ಕಾಂಡಕ್ಕೆ ಪೆಟ್ಟಾಗದಂತೆ ತೆಗೆಸುತ್ತೇನೆ.

ಹಾಗಾಗಿ ಹುಳ ಹುಡುಕುವ ಮೊದಲು ಹಿಕ್ಕೆ ನೋಡಿ. ಹುಳ ಅಡಗುತ್ತದೆ, ಹಿಕ್ಕೆ ಅಡಗುವುದಿಲ್ಲ. ಸಂಜೆ ಮರದ ಬುಡಕ್ಕೆ ಹಳೆಯ ಬಿಳಿ ಪಂಚೆ ಹಾಸಿ, ಬೆಳಗ್ಗೆ ನೋಡಿ. ಕರಿಮೆಣಸಿನ ಚೂರಿನಂಥ ಕಪ್ಪು-ಹಸಿರು ಹರಳು ಬಿದ್ದಿದ್ದರೆ ಮೇಲೆ ಎಲೆ ತಿನ್ನುವ ಹುಳು ಇದೆ, ಆತುರ ಬೇಡ. ಮರದ ಬಣ್ಣದ ಗುಂಡು ಗುಂಡು ಕಾಳು ಒಂದು ತೂತಿನಿಂದ ಬೀಳುತ್ತಿದ್ದರೆ ಕಾಂಡದೊಳಗೆ ಪತಂಗದ ಮರಿ ಇದೆ. ಕಾಫಿ, ಶ್ರೀಗಂಧ ಎರಡನ್ನೂ ಕಾಡುವ ಕೆಂಪು ಕಾಂಡಕೊರಕದ ಗುರುತು ಇದು. ಗರಗಸದ ಹೊಟ್ಟಿನಂಥ ನಾರು ನಾರು ಪುಡಿ ಆದರೆ ಉದ್ದ ಮೀಸೆಯ ದುಂಬಿಯ ಮರಿ ಇರಬಹುದು. ಕಡಲೆಹಿಟ್ಟಿನಷ್ಟು ನುಣ್ಣನೆಯ ಪುಡಿ, ಗುಂಡುಸೂಜಿ ಚುಚ್ಚಿದಂಥ ತೂತುಗಳು ಇದ್ದರೆ ಸಣ್ಣ ದುಂಬಿಗಳು. ಇವು ಸಾಮಾನ್ಯವಾಗಿ ಮೊದಲೇ ಸೊರಗಿದ ಮರಕ್ಕೆ ಬರುತ್ತವೆ. ಆಗ ಬೇರಿಗೆ ಏನಾಗಿದೆ ನೋಡಬೇಕು. ಮಣ್ಣು ತೆಗೆದಿದ್ದಾರಾ, ಬುಡಕ್ಕೆ ಸಿಮೆಂಟ್ ಹಾಕಿದ್ದಾರಾ, ನೀರು ನಿಲ್ಲುತ್ತದಾ?

ಗೆದ್ದಲಿನ ಮಣ್ಣು ಕಂಡರೂ ಜನ ಗಾಬರಿಯಾಗುತ್ತಾರೆ. ಮಣ್ಣು ಕೆರೆದು ತೊಗಟೆಯನ್ನು ಉಗುರಿನಿಂದ ಗೀರಿ. ಒಳಗೆ ಹಸಿಯಾಗಿ ಹಸಿರಾಗಿದ್ದರೆ ಗೆದ್ದಲು ತಿನ್ನುತ್ತಿರುವುದು ಹೊರಗಿನ ಸತ್ತ ತೊಗಟೆಯನ್ನಷ್ಟೇ.

ಪುಡಿ ಕಾಣಿಸಲಿಲ್ಲ ಎಂದರೆ ಕೊರಕ ಇಲ್ಲ ಅಂತ ಅಲ್ಲ. ಕಾಫಿಯ ಬಿಳಿ ಕಾಂಡಕೊರಕ ಪುಡಿಯನ್ನು ಸುರಂಗದೊಳಗೇ ಗಟ್ಟಿಯಾಗಿ ತುಂಬುತ್ತದೆ. ಹೊರಗೆ ಕಾಣುವುದು ಕಾಂಡದ ಮೇಲಿನ ಏಣುಗಳು, ಬಾಡಿದ ಎಲೆಗಳು. ಅದರ ದುಂಬಿ ಬಿಸಿಲು ಬೀಳುವ ಕಾಂಡದ ಮೇಲೆ ಮೊಟ್ಟೆ ಇಡಲು ಇಷ್ಟಪಡುತ್ತದೆ. ಅದಕ್ಕೇ ಅರೇಬಿಕಾ ತೋಟದವರಿಗೆ ನೆರಳು ತೆಗೆಯಬೇಡಿ ಅಂತ ಹೇಳುವುದು. ನೆರಳಿನ ಮರಕ್ಕೆ ಹುಳು ಬಿತ್ತು ಅಂತ ಅದನ್ನು ಕಡಿದು, ಆಮೇಲೆ ಕಾಫಿಯನ್ನೇ ಕಳಕೊಂಡವರನ್ನು ಮಲೆನಾಡಿನಲ್ಲಿ ನೋಡಿದ್ದೇನೆ.

ಕಾಂಡ ಕೊರೆಯುವ ಹುಳು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಮಧ್ಯಪ್ರದೇಶದ ಸಾಲ್ ಕಾಡು ಉದಾಹರಣೆ. 1990ರ ದಶಕದ ಕೊನೆಯಲ್ಲಿ ಅಲ್ಲಿ ಸಾಲ್ ಕೊರಕ ದುಂಬಿಯ ಹಾವಳಿಯಿಂದ ಲಕ್ಷಗಟ್ಟಲೆ ಮರಗಳು ಹೋದವು. ಅಲ್ಲಿ ಬಳಸುವ ಉಪಾಯ ನನಗೆ ತುಂಬ ಹಿಡಿಸಿತು. ಮಳೆ ಶುರುವಾದಾಗ ಒಂದು ಮರ ಕಡಿದು, ಜಜ್ಜಿ ಇಡುತ್ತಾರೆ. ಅದರ ರಸದ ವಾಸನೆಗೆ ದುಂಬಿಗಳು ತಾವಾಗಿ ಬಂದು ಸೇರುತ್ತವೆ, ಆರಿಸಿ ಕೊಲ್ಲುತ್ತಾರೆ.

ಈಗ ನಿಮ್ಮ ಗುಲ್ಮೊಹರ್. ಕವಲಿನ ಹತ್ತಿರ ಶುರುವಾಗಿ ತೊಗಟೆಯ ಮೇಲೆ ಅಂಕುಡೊಂಕಾಗಿ ಹೋದ ಕಂದು ಪಟ್ಟಿ, ಬೆರಳಲ್ಲಿ ಎಳೆದರೆ ಬಟ್ಟೆಯಂತೆ ಕಿತ್ತು ಬರುತ್ತದೆ ಅಲ್ವಾ? ಅದು ನೂಲು, ಹಿಕ್ಕೆ, ತೊಗಟೆ ಚೂರು ಸೇರಿಸಿ ಮಾಡಿದ ಮಾಡು. ತೊಗಟೆ ತಿನ್ನುವ ಹುಳು, ಇಂಡಾರ್ಬೆಲಾ, ಹಗಲು ತೂತಿನೊಳಗೆ ಇದ್ದು ರಾತ್ರಿ ಈ ಮಾಡಿನಡಿ ಬಂದು ತೊಗಟೆ ಮೇಯುತ್ತದೆ. ಸೀಬೆ, ಮಾವು, ನೆಲ್ಲಿ, ನುಗ್ಗೆ, ಸರ್ವೆ, ಯಾವುದನ್ನೂ ಇದು ಬಿಡುವುದಿಲ್ಲ. ಪಟ್ಟಿಯನ್ನೆಲ್ಲ ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ. ಪಟ್ಟಿ ಮುಗಿಯುವಲ್ಲಿ ತೂತು ಕಾಣುತ್ತದೆ. ಸೈಕಲ್ ಕಡ್ಡಿ ತೂರಿಸಿ ತಿರುಗಿಸಿ. ತೂತು ಗೇಣಿಗಿಂತ ಆಳ ಇರುವುದು ಕಡಿಮೆ, ತೂತಿಗೆ ಹುಳು ಒಂದೇ. ಆಮೇಲೆ ಸೀಮೆಎಣ್ಣೆ ಅದ್ದಿದ ಹತ್ತಿ ತುರುಕಿ ಹಸಿ ಮಣ್ಣು ಮೆತ್ತಿ. ವಾರ ಬಿಟ್ಟು ನೋಡಿ. ಹೊಸ ಪಟ್ಟಿ ಬಂದಿದ್ದರೆ ಮತ್ತೆ ಮಾಡಿ. ವರ್ಷಕ್ಕೆ ಒಂದೇ ಪೀಳಿಗೆ ಇದರದ್ದು. ಈಗಲೇ ಹಿಡಿದರೆ ಮುಂದಿನ ಮಳೆಗೆ ಪತಂಗ ಹಾರುವುದಿಲ್ಲ.

ಹೊಂಗೆಯ ಗುಳ್ಳೆ ಕೀಟದ್ದೇ ಅಲ್ಲ. ಬರಿಗಣ್ಣಿಗೆ ಕಾಣದ ನುಸಿ, ನಾಲ್ಕೇ ಕಾಲಿನದು. ನೋಡಲು ಅಸಹ್ಯ, ಮರಕ್ಕೆ ಏನೂ ಆಗುವುದಿಲ್ಲ. ಹಾಲುವಾಣದ ಗಂಟನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಅದು ಒಂದು ಸಣ್ಣ ಕಣಜದ ಕೆಲಸ. ಆ ಕಣಜಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2004ರಲ್ಲಿ, ಅದಾದ ಸ್ವಲ್ಪದರಲ್ಲೇ ನಮ್ಮ ಕಡೆಯೂ ಬಂತು. ಚಿಗುರು, ಎಲೆ ತೊಟ್ಟು ಎಲ್ಲ ಊದಿಕೊಂಡು ಮರ ಸೊರಗುತ್ತದೆ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲುವಾಣ ನಿಮ್ಮಲ್ಲಿದ್ದರೆ ಒಮ್ಮೆ ನೋಡಿ.

ಗುರುತು ಸಿಗದಿದ್ದರೆ ಹುಳುವನ್ನು ಹಾಗೇ ಡಬ್ಬಿಗೆ ಹಾಕಿ ಒಣಗಿಸಬೇಡಿ, ಸುಕ್ಕಾಗಿ ಯಾರಿಗೂ ಗೊತ್ತಾಗುವುದಿಲ್ಲ. ಬಿಸಿ ನೀರಿಗೆ ಒಂದು ಸಲ ಅದ್ದಿ ಸ್ಪಿರಿಟ್‌ನಲ್ಲಿ ಇಡಿ. ಜೊತೆಗೆ ತಿಂದ ಎಲೆ ಅಥವಾ ತೊಗಟೆಯ ತುಂಡು, ಮರದ ಹೆಸರು, ಸಿಕ್ಕ ತಾರೀಖು ಬರೆದಿಡಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಬಹುದು. ಶಿರಸಿ ಅಥವಾ ಪೊನ್ನಂಪೇಟೆಯ ಅರಣ್ಯ ಕಾಲೇಜು ಹತ್ತಿರ ಆದರೆ ಇನ್ನೂ ಒಳ್ಳೆಯದು. ಗುಲ್ಮೊಹರ್‌ನ ಪಟ್ಟಿ ಕಿತ್ತಾಗ ತೂತು ಎಷ್ಟಿತ್ತು ಅಂತ ಇಲ್ಲೇ ಬರೆಯಿರಿ. ಐದಾರಕ್ಕಿಂತ ಜಾಸ್ತಿ ಇದ್ದರೆ ಅಕ್ಕಪಕ್ಕದ ಸೀಬೆ, ನುಗ್ಗೆ ಗಿಡಗಳ ಕವಲುಗಳನ್ನೂ ಅದೇ ದಿನ ನೋಡಿಬಿಡಿ.