ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿ ಮನೆ ತುಂಬ ಬೆಕ್ಕು ಕೂಡಿಹಾಕಿದ್ದಾರೆ. ದೂರು ಕೊಡಬೇಕಾ?

ಮೊದಲೇ ದೂರು ಬೇಡ, ಮಾತಾಡಿಸಿ. ಎಷ್ಟು ಬೆಕ್ಕು ಅನ್ನೋದು ಮುಖ್ಯ ಅಲ್ಲ. ಹತ್ತು ಸಾಕಿ ಚೆನ್ನಾಗಿ ನೋಡಿಕೊಳ್ಳುವವರೂ ಇದ್ದಾರೆ. ಆದರೆ ಬಾಗಿಲಲ್ಲೇ ಮೂಗಿಗೆ ಹೊಡೆಯುವ ಮೂತ್ರದ ವಾಸನೆ, ಎಲುಬು ಕಾಣುವ ಮರಿಗಳು, ಕಣ್ಣಲ್ಲಿ ಕೀವು, ಆದರೂ ಅಜ್ಜಿ 'ಎಲ್ಲಾ ಆರಾಮ ಇದಾವೆ' ಅಂದರೆ ಅದು ಬರೀ ಪ್ರೀತಿ ಅಲ್ಲ, ಕಾಯಿಲೆ ಇರಬಹುದು. ವಸ್ತುಗಳನ್ನು ಬಿಡಲಾಗದೆ ಕೂಡಿಡುವುದನ್ನು 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿ ಪ್ರತ್ಯೇಕ ಮಾನಸಿಕ ಕಾಯಿಲೆ ಎಂದು ಸೇರಿಸಿತು. ಪ್ರಾಣಿ ಕೂಡಿಹಾಕುವುದು ಅದರದೇ ಒಂದು ರೂಪ ಇರಬಹುದು.

ಅದಕ್ಕೇ ಸುಮ್ನೆ ಬೆಕ್ಕು ಎತ್ತಿಕೊಂಡು ಹೋದರೆ ಮನೆ ಮತ್ತೆ ತುಂಬುತ್ತದೆ. ಅಜ್ಜಿಗೂ ಎದೆ ಒಡೆದಂತಾಗುತ್ತದೆ, ಅಲ್ವಾ? ಒಂದೆರಡು ಬೆಕ್ಕು ಅವರ ಹತ್ತಿರವೇ ಇರಲಿ. ಉಳಿದವಕ್ಕೆ ನಿಧಾನಕ್ಕೆ ಮನೆ ಹುಡುಕಿ. ಎಲ್ಲಕ್ಕಿಂತ ಮುಂಚೆ ಸಂತಾನಹರಣ ಮಾಡಿಸಿ, ಏಕೆಂದರೆ ಹೆಣ್ಣು ಬೆಕ್ಕು ಆರು ತಿಂಗಳೊಳಗೇ ಗಬ್ಬ ಆಗಬಹುದು, ಎರಡೇ ತಿಂಗಳಲ್ಲಿ ಮರಿ ಹಾಕುತ್ತದೆ.

ಅಜ್ಜಿಗೆ ಧಾರವಾಡದಲ್ಲೇ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಕ್ಕುಗಳು ಉಪವಾಸ ಸಾಯುತ್ತಿದ್ದರೆ ಮಾತ್ರ ಕಾಯಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪೊಲೀಸರಿಗೆ ತಿಳಿಸಿ, ಪಶುವೈದ್ಯರನ್ನೂ ಕರೆದುಕೊಂಡು ಹೋಗಿ.